ಅಜ್ಜ, ಅಪ್ಪ ಇಬ್ಬರಿಗೂ ಕುಡಿತ. ಮಗನೂ ಹಾಗೇ ಆಗುತ್ತಾನಾ?

ಕೇಳಿದವರು: ವಿರಾಜಪೇಟೆ ಕಡೆಯ ಒಬ್ಬ ತಾಯಿ

ಮಾವ ಮಿಲಿಟರಿಯಿಂದ ಬಂದವರು ಕುಡಿದು ಕುಡಿದೇ ತೀರಿಕೊಂಡರು. ನಮ್ಮ ಮನೆಯವರಿಗೂ ಈಗ ಸಂಜೆಯಾದರೆ ಬೇಕೇ ಬೇಕು. ಮಗನಿಗೆ 14 ವರ್ಷ. ಅವನು ಸ್ವಲ್ಪ ರೇಗಿದರೆ ಸಾಕು, ನೆಂಟರು ಅವನೆದುರೇ "ಆ ಮನೆ ರಕ್ತ, ಎಲ್ಲಿ ಹೋಗುತ್ತೆ" ಅನ್ನುತ್ತಾರೆ. ನಿಜವಾಗಿಯೂ ರಕ್ತದಲ್ಲೇ ಬರುತ್ತದಾ? ಇಂಥ ಮನೆಯಲ್ಲಿ ಬೆಳೆದವರು, ಮಕ್ಕಳನ್ನು ಬೆಳೆಸಿದವರು ದಯವಿಟ್ಟು ಹೇಳಿ.

ಸೋಮವಾರಪೇಟೆಯಿಂದ, ನರ್ಸ್

ಅಕ್ಕ, ನಾನು ಬೆಳೆದದ್ದೂ ಇಂಥದ್ದೇ ಮನೆಯಲ್ಲಿ. ಅಣ್ಣ ಕುಡಿತಕ್ಕೆ ಬಿದ್ದ. ನಾನು, ತಮ್ಮ ಬೀಳಲಿಲ್ಲ. ಅಪ್ಪ ಅಮ್ಮ ಅವರೇ, ಸೂರೂ ಅದೇ.

ಸುಳ್ಳು ಸಮಾಧಾನ ಹೇಳುವುದಿಲ್ಲ, ರಕ್ತದ ಪಾಲು ಇದೆ. ಆದರೆ ನಮ್ಮ ನಮ್ಮ ಮನೆ ನೋಡಿ ಅದನ್ನು ಅಳೆಯಲು ಆಗುವುದಿಲ್ಲ. ಅಪ್ಪನಿಂದ ಮಗನಿಗೆ ರಕ್ತವೂ ಬಂದಿರುತ್ತದೆ, ಬಾಟಲಿ ಇರುವ ಮನೆಯೂ ಬಂದಿರುತ್ತದೆ. ಎರಡನ್ನೂ ಬಿಡಿಸಿ ನೋಡಲು ಡೆನ್ಮಾರ್ಕಿನಲ್ಲಿ ದತ್ತು ಹೋದ ಗಂಡುಮಕ್ಕಳನ್ನು ಹುಡುಕಿ ವಿಚಾರಿಸಿದರು. 1973ರಲ್ಲಿ ಅದು ಪ್ರಕಟವಾಯಿತು. ಹೆತ್ತವರಲ್ಲಿ ಒಬ್ಬರಿಗೆ ಕುಡಿತದ ಚಟ ಇದ್ದು, ಹುಟ್ಟಿದ ಆರು ವಾರದೊಳಗೇ ಅವರಿಂದ ದೂರವಾದವರಲ್ಲಿ ನೂರಕ್ಕೆ 18 ಮಂದಿ ಚಟಕ್ಕೆ ಬಿದ್ದಿದ್ದರು. ಬೇರೆ ದತ್ತುಮಕ್ಕಳಲ್ಲಿ ನೂರಕ್ಕೆ 5. ಹೆಚ್ಚುಕಡಿಮೆ ನಾಲ್ಕು ಪಟ್ಟು. ಆದರೆ ಲೆಕ್ಕದ ಇನ್ನೊಂದು ಬದಿಯನ್ನೂ ನೋಡಿ, ಅದೇ ರಕ್ತದ 82 ಮಂದಿ ಬೀಳಲಿಲ್ಲ. ನಿಮ್ಮ ನೆಂಟರಿಗೆ ಇದನ್ನು ಹೇಳಿ.

ಕುಡಿತಕ್ಕೆ ಅಂತ ಒಂದೇ ಜೀನ್ ಇಲ್ಲ. ಇಳಿದು ಬರುವುದು ಬೇರೆ ಬೇರೆ ಗುಣಗಳು. ದುಡುಕುವುದು, ಮನಸ್ಸು ಹಿಡಿತಕ್ಕೆ ಸಿಗದಿರುವುದು, ಮದ್ಯವನ್ನು ಮೈ ಹೇಗೆ ತಾಳಿಕೊಳ್ಳುತ್ತದೆ ಅನ್ನುವುದು. ಈ ಕೊನೆಯದನ್ನು ನಮ್ಮ ಕೊಡಗಿನವರು ಕೇಳಲೇಬೇಕು. ಮದುವೆಮನೆಯಲ್ಲಿ "ಎಷ್ಟು ಹಾಕಿದ್ರೂ ಏರಲ್ಲ, ಭಾರಿ ಕೆಪಾಸಿಟಿ" ಅಂತ ಹುಡುಗರನ್ನು ಹೊಗಳುತ್ತಾರಲ್ಲ? ಕ್ಯಾಲಿಫೋರ್ನಿಯಾದ ಡಾಕ್ಟರ್ ಮಾರ್ಕ್ ಶುಕಿಟ್ ಕುಡಿತದ ಚಟವಿದ್ದವರ ಗಂಡುಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. ಹರೆಯದಲ್ಲಿ ಯಾರಿಗೆ ಸುಲಭವಾಗಿ ಏರುತ್ತಿರಲಿಲ್ಲವೋ, ಅವರೇ ಮುಂದೆ ಜಾಸ್ತಿ ಚಟಕ್ಕೆ ಬಿದ್ದರು. ಸಾಕು ಅಂತ ಮೈ ಹೇಳುವುದು ತಡವಾಗುತ್ತದೆ, ಕೈ ಮುಂದೆ ಹೋಗುತ್ತದೆ. ನಮ್ಮಣ್ಣನೂ "ಕೆಪಾಸಿಟಿ" ಇದ್ದವನೇ. ಆ ಮಾತು ಕೇಳಿದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಮಗನಿಗೆ ನೇರವಾಗಿ ಹೇಳಿ. ಶುಗರ್ ಇರುವ ಮನೆಯ ಮಕ್ಕಳಿಗೆ ಜೋಪಾನ ಅನ್ನುತ್ತೇವಲ್ಲ, ಹಾಗೆ. ಹೆದರಿಸಬೇಡಿ. ಆದರೆ "ಆ ಮನೆ ರಕ್ತ" ಅನ್ನುವವರ ಬಾಯಿ ಮಾತ್ರ ಮುಚ್ಚಿಸಿ. ದಿನಾ ಅದನ್ನೇ ಕೇಳಿಸಿಕೊಳ್ಳುವ ಹುಡುಗ ಕೊನೆಗೆ ನಂಬಿಬಿಡುತ್ತಾನೆ.

ಪೊನ್ನಂಪೇಟೆ ಕಡೆಯಿಂದ, ಪಿ.ಟಿ. ಮೇಷ್ಟ್ರು

ಹಾಕಿ ಆಟ ನಮ್ಮ ಕೊಡವರ ರಕ್ತದಲ್ಲೇ ಇದೆ ಅಂತಲೂ ಹೇಳುತ್ತಾರೆ. ನಾನು ನೋಡುವುದು ಬೇರೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬ ಹಾಕಿ ಪಂದ್ಯಾವಳಿಯಲ್ಲಿ ಮಾವ, ಸೊಸೆ, ಮೊಮ್ಮಗ ಒಂದೇ ಟೀಮಿನಲ್ಲಿ ಇಳಿಯುತ್ತಾರೆ. ಮಗು ನಡೆಯಲು ಕಲಿಯುವಾಗಲೇ ಕೈಗೆ ಸ್ಟಿಕ್ ಬರುತ್ತದೆ. ಸ್ಟಿಕ್ಕೇ ಸಿಗದಿದ್ದರೆ ರಕ್ತ ಏನು ಮಾಡೀತು? ನಿಮ್ಮ ಹುಡುಗನನ್ನು ಸಂಜೆ ಮೈದಾನಕ್ಕೆ ಕಳಿಸಿ. ಅಪ್ಪ ಬಾಟಲಿ ತೆಗೆಯುವ ಹೊತ್ತಿಗೆ ಅವನು ಅಲ್ಲಿ ಇರದಿದ್ದರೆ ಅದೇ ದೊಡ್ಡದು.

ಮಡಿಕೇರಿಯಿಂದ, ಇಬ್ಬರು ಗಂಡುಮಕ್ಕಳ ತಾಯಿ

ನಮ್ಮ ಮನೆಯಲ್ಲೂ ಇದೇ ಕಥೆ. ಮಿಲಿಟರಿ ಕ್ಯಾಂಟೀನ್ ರಮ್ ಶೋಕೇಸಿನಲ್ಲಿ ಸಾಲಾಗಿ ನಿಂತಿರುತ್ತಿತ್ತು. ಮೊದಲು ಅದನ್ನು ಕಣ್ಣಿಗೆ ಬೀಳದ ಕಡೆ ಇಡಿಸಿದೆ. ಮಳೆಗಾಲದಲ್ಲಿ ಶೀತಕ್ಕೆ ಅಂತ ಮಕ್ಕಳಿಗೆ ಒಂದು ಮುಚ್ಚಳ ಬ್ರಾಂದಿ ಕೊಡುವುದನ್ನು ಅತ್ತೆಗೆ ಹೇಳಿ ನಿಲ್ಲಿಸಿದೆ. ಪುತ್ತರಿ ಹಬ್ಬಕ್ಕೆ ಬಂದ ನೆಂಟರು "ಒಂದು ಸಿಪ್ ತಾನೆ" ಅಂದರೂ ಬಿಡಲಿಲ್ಲ. ಎಳೆ ವಯಸ್ಸಿನಲ್ಲಿ ಶುರು ಮಾಡಿದವರೇ ಮುಂದೆ ಜಾಸ್ತಿ ಚಟಕ್ಕೆ ಬೀಳುತ್ತಾರೆ ಅಂತ ಡಾಕ್ಟರ್ ಹೇಳಿದ್ದು ನನಗೆ ಅಷ್ಟು ನಾಟಿತ್ತು.

ನಿಮ್ಮವರ ವಿಷಯಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟ ಬಿಡಿಸುವುದಕ್ಕೇ ಬೇರೆ ವಿಭಾಗ ಇದೆ. ನಿಮ್ಮವರು ಒಪ್ಪದಿದ್ದರೂ ಪರವಾಗಿಲ್ಲ, ಮೊದಲ ಫೋನ್ ನೀವೇ ಮಾಡಿ. ನಾನೂ ಹಾಗೇ ಮಾಡಿದ್ದು. ನಮ್ಮವರು ಬಾಗಿಲವರೆಗೂ ಬರಲು ಒಪ್ಪಿದ್ದು ಎಷ್ಟೋ ತಿಂಗಳ ಮೇಲೆ.