ಲಿಕ್ವಿಡ್ ಕ್ರಿಸ್ಟಲ್ ಎಪಾಕ್ಸಿ: ಡಿಎಸ್‌ಸಿ ಪೀಕ್‌ಗೆ ಭುಜ ಬಂದರೆ ಕಿಸಿಂಜರ್ ನಂಬಬಹುದೇ?

ಪ್ರಶ್ನೆ: ಬೈಫಿನೈಲ್ ಡೈಗ್ಲಿಸಿಡೈಲ್ ಈಥರ್ ಎಂಬ ರಾಳ (ಎಪಾಕ್ಸಿ ತುಲ್ಯಭಾರ, ಅಂದರೆ ಒಂದು ಎಪಾಕ್ಸಿ ಗುಂಪಿನ ಪಾಲಿನ ತೂಕ, 149), ಜೊತೆಗೆ ಅದನ್ನು ಗಟ್ಟಿಗೊಳಿಸುವ ಅಮೈನ್ ಡಿಡಿಎಸ್ (ಡೈಅಮಿನೊಡೈಫಿನೈಲ್ ಸಲ್ಫೋನ್), 100 ಗ್ರಾಂ ರಾಳಕ್ಕೆ 41.6 ಗ್ರಾಂ. ಡಿಎಸ್‌ಸಿಯಲ್ಲಿ (ಬಿಸಿ ಮಾಡುವಾಗ ಮಾದರಿ ಹೀರುವ, ಬಿಡುವ ಶಾಖ ಅಳೆಯುವ ಉಪಕರಣ) ನಿಮಿಷಕ್ಕೆ 5, 10, 15, 20 ಡಿಗ್ರಿ ವೇಗದಲ್ಲಿ ಸ್ಕ್ಯಾನ್. ಶಾಖ ಬಿಡುವ ಪೀಕ್‌ಗೆ ಪಕ್ಕದಲ್ಲೊಂದು ಭುಜ (ಅಂಟಿಕೊಂಡ ಸಣ್ಣ ಉಬ್ಬು). ಅದು ಅಣುಗಳು ಸಾಲುಗಟ್ಟಿದ ಕ್ರಮಬದ್ಧ ಹಂತದ್ದೇ ಎಂಬ ಅನುಮಾನ. ಕಿಸಿಂಜರ್ ಗೆರೆ (ಸ್ಕ್ಯಾನ್ ವೇಗದೊಂದಿಗೆ ಪೀಕ್‌ನ ತಾಪ ಸರಿಯುವುದರಿಂದ ಸಕ್ರಿಯಣ ಶಕ್ತಿ ಲೆಕ್ಕಹಾಕುವ ವಿಧಾನ) ಮಾತ್ರ ನೆಟ್ಟಗೆ ಬರುತ್ತಿದೆ. ಆ ಇಳಿಜಾರಿನ ಸಕ್ರಿಯಣ ಶಕ್ತಿಯನ್ನೇ ಬರೆಯಲೇ?

ಉತ್ತರ 1: ಬೇಡ. ಕಿಸಿಂಜರ್ ನೋಡುವುದು ಪೀಕ್‌ನ ತುದಿಯನ್ನಷ್ಟೇ. ಭುಜ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಪರಿವರ್ತನೆ (ಕ್ರಿಯೆ ಮುಗಿದ ಪಾಲು) 0.1ರಿಂದ 0.9ರವರೆಗೆ ಪ್ರತಿ ಹಂತಕ್ಕೂ ಸಕ್ರಿಯಣ ಶಕ್ತಿಯನ್ನು ಬೇರೆಬೇರೆಯಾಗಿ ಕೊಡುವ ಓಝಾವಾ-ಫ್ಲಿನ್-ವಾಲ್ ವಿಧಾನ ಹಾಕಿ. ಶಕ್ತಿ ಏರಿಳಿದರೆ ಕ್ರಿಯೆ ಒಂದೇ ಹಂತದ್ದಲ್ಲ. ಕೊನೆಯಲ್ಲಿ ಶಕ್ತಿ ಇಳಿದರೆ ಅದು ಸಾಮಾನ್ಯವಾಗಿ ವಿಸರಣೆಯ ಹಿಡಿತ: ಜಾಲ ಗಟ್ಟಿಯಾಗಿ ಅಣುಗಳು ಓಡಾಡಲಾರವು.

ಉತ್ತರ 2: ಅದಕ್ಕೂ ಮೊದಲು ಬೇಸ್‌ಲೈನ್ (ಪೀಕ್ ಇಲ್ಲದಿರುವಾಗಿನ ತಳಗೆರೆ) ನೋಡಿ. ಈ ರಾಳ 150 ಡಿಗ್ರಿ ದಾಟಿದ ಮೇಲೆ ಕರಗುತ್ತದೆ; ಕರಗಲು ಹೀರುವ ಶಾಖ ಕ್ಯೂರಿಂಗ್ (ರಾಳ ಗಟ್ಟಿಯಾಗುವ ಕ್ರಿಯೆ) ಆರಂಭವನ್ನು ನುಂಗಿಹಾಕಿದರೆ ಒಟ್ಟು ಶಾಖ ಕಡಿಮೆ ಬರುತ್ತದೆ, ಪರಿವರ್ತನೆಯ ಲೆಕ್ಕವೇ ತಪ್ಪುತ್ತದೆ. ಡಿಡಿಎಸ್ ಕಾಳು ಉಳಿದಿದ್ದರೂ ಸುಳ್ಳು ಭುಜ ಬರುತ್ತದೆ. ನುಣ್ಣಗೆ ಅರೆದು ಬೆರೆಸಿ, 3–5 ಮಿಲಿಗ್ರಾಂ ಸಾಕು. ಎರಡನೇ ಸ್ಕ್ಯಾನ್‌ನಲ್ಲಿ ಉಳಿಕೆ ಶಾಖ ನೋಡುವುದನ್ನು ಬಿಡಬೇಡಿ.

ಉತ್ತರ 3: ಭುಜ ಕ್ರಮಬದ್ಧ ಹಂತದ್ದೇ ಎಂದು ಡಿಎಸ್‌ಸಿ ಒಂದರಿಂದಲೇ ಹೇಳಲಾಗದು. ಅದೇ ಮಿಶ್ರಣವನ್ನು ಸೂಕ್ಷ್ಮದರ್ಶಕದ ಹಾಟ್ ಸ್ಟೇಜ್ (ಬಿಸಿ ಪೀಠ) ಮೇಲಿಟ್ಟು, ಒಂದಕ್ಕೊಂದು ಅಡ್ಡಲಾಗಿಟ್ಟ ಧ್ರುವಕಗಳ ನಡುವೆ ನೋಡಿ. ಕಪ್ಪು ಹಿನ್ನೆಲೆಯಲ್ಲಿ ಹೊಳೆಯುವ ಚುಕ್ಕೆಗಳು ಮೂಡಿದ ನಿಮಿಷ ಗುರುತು ಹಾಕಿಕೊಂಡು, ಅದೇ ತಾಪದಲ್ಲಿ ಸ್ಥಿರವಾಗಿ ಹಿಡಿದು ಮಾಡಿದ ಸಮತಾಪ ಡಿಎಸ್‌ಸಿಯೊಂದಿಗೆ ಹೋಲಿಸಿ. ತಾಪ ತೀರಾ ಹೆಚ್ಚಿಟ್ಟರೆ ಸಾಲುಗಟ್ಟುವ ಮೊದಲೇ ಜೆಲ್ ಆಗಿ, ಕ್ರಮವಿಲ್ಲದ ಜಾಲವೇ ಉಳಿಯುತ್ತದೆ.