ಮನೆಯ ಎರಡು ಕೋವಿಗೆ ವಿಮೆ: ಕಳವಾದರೆ, ಕೆಟ್ಟರೆ, ಠಾಣೆಯಲ್ಲಿದ್ದರೆ?

ತೀರ್ಥಹಳ್ಳಿ_ತೋಟ:
ನನ್ನ ಹೆಸರಿನ ಲೈಸೆನ್ಸಿನಲ್ಲಿ ಎರಡು ಕೋವಿ ಇವೆ. ಒಂದು ಅಜ್ಜನ ಕಾಲದ ಇಂಗ್ಲೆಂಡಿನ ಜೋಡುನಳಿಗೆ, 12 ಬೋರ್. ಇನ್ನೊಂದು ಸಾದಾ ಒಂಟಿನಳಿಗೆ ತೋಟಾ (ಕಾರ್ಟ್ರಿಜ್) ಕೋವಿ. ಮನೆಗೆ ಭಾರತ್ ಗೃಹ ರಕ್ಷಾ ಪಾಲಿಸಿ ಇದೆ. ಕೋವಿ ಕಳವಾದರೆ ಅಥವಾ ನಳಿಗೆಗೆ ಪೆಟ್ಟಾದರೆ ಅದರಲ್ಲೇ ಹಣ ಬರುತ್ತದೆಯೇ? ಬಿಲ್ಲೇ ಇಲ್ಲದ ಹಳೇ ಕೋವಿಗೆ ಬೆಲೆ ಕಟ್ಟುವುದು ಹೇಗೆ? ಚುನಾವಣೆಗೆಂದು ಠಾಣೆಯಲ್ಲಿ ಠೇವಣಿ ಇಟ್ಟಾಗ ಕೆಟ್ಟರೆ ಏನು ಗತಿ?

ಶಿವಮೊಗ್ಗ_ಸರ್ವೆ:
ಗೃಹ ರಕ್ಷಾ ಒಂದನ್ನೇ ನಂಬಿ ಕೂರಬೇಡಿ ಸಾರ್. 2021ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳೂ ಇದನ್ನು ಒಂದೇ ಒಕ್ಕಣೆಯಲ್ಲಿ ಮಾರುತ್ತಿವೆ. ಬೆಂಕಿ, ಸಿಡಿಲು, ನೆರೆ, ಗುಡ್ಡಕುಸಿತ, ಮನೆ ಮೇಲೆ ಮರ ಬಿದ್ದದ್ದು ಎಲ್ಲ ಅದರಲ್ಲಿದೆ. ಕಳವಿಗೆ ಮಾತ್ರ ಬಿಗಿ ಷರತ್ತು: ಇಂಥ ಅನಾಹುತವೊಂದು ನಡೆದು, ಅದರಿಂದಾಗಿಯೇ 7 ದಿನದೊಳಗೆ ಕಳವಾಗಿರಬೇಕು. ಎಲ್ಲರೂ ಮದುವೆಗೆ ಹೋದಾಗ ಬೀಗ ಒಡೆದು ಒಯ್ದರೆ ಮೂಲ ಪಾಲಿಸಿಯಲ್ಲಿ ಬಿಡಿಗಾಸೂ ಸಿಗುವುದಿಲ್ಲ.

ಅದಕ್ಕೆ ಬರ್ಗ್ಲರಿ (ಕನ್ನಗಳವು) ವಿಮೆ ಬೇರೆ ಮಾಡಿಸಬೇಕು. ಅದೂ ಬಾಗಿಲು, ಕಿಟಕಿ, ಹೆಂಚು ಮುರಿದ ಗುರುತು ಕೇಳುತ್ತದೆ. ಜಗಲಿಯ ಗೂಟಕ್ಕೆ ನೇತುಹಾಕಿದ್ದನ್ನು ಯಾರೋ ಎತ್ತಿಕೊಂಡು ಹೋದರೆ ಆಗದು. ಗದ್ದೆ ಕಾಯುವ ಮಾಳದಿಂದ ಕಳವಾದರೂ ಅಷ್ಟೇ, ಪಾಲಿಸಿಯಲ್ಲಿರುವುದು ಮನೆಯ ವಿಳಾಸ. ಕೋವಿ ತೋಟಕ್ಕೂ ಗದ್ದೆಗೂ ಓಡಾಡುವ ವಸ್ತುವಾದ್ದರಿಂದ ‘ಆಲ್ ರಿಸ್ಕ್’ (ಮನೆಯ ಹೊರಗೂ ಕಳವು, ಪೆಟ್ಟಿಗೆ ಒದಗುವ) ವಿಭಾಗದಲ್ಲಿ ಹೆಸರು ಹಿಡಿದು ಸೇರಿಸುವುದೇ ಸರಿ. ಕೌಂಟರಿನಲ್ಲಿ ಬಾಯಿಮಾತಿಗೆ ಆಗುವುದಿಲ್ಲ ಅನ್ನಬಹುದು, ಪ್ರಸ್ತಾವವನ್ನು ಬರವಣಿಗೆಯಲ್ಲೇ ಕೊಟ್ಟು ಉತ್ತರವನ್ನೂ ಬರವಣಿಗೆಯಲ್ಲೇ ಪಡೆಯಿರಿ.

ಒಂದೊಂದು ಕೋವಿಗೂ ಒಂದೊಂದು ಸಾಲು ಇರಲಿ: ತಯಾರಕರ ಹೆಸರು, ನಂಬರ್, ಬೋರ್, ನಳಿಗೆಯ ಉದ್ದ, ಲೈಸೆನ್ಸಿನ ಯುಐಎನ್ (ವಿಶಿಷ್ಟ ಗುರುತಿನ ಸಂಖ್ಯೆ). ಇಂಗ್ಲಿಷ್ ಜೋಡುನಳಿಗೆಯಲ್ಲಿ ಸಾಮಾನ್ಯವಾಗಿ ನಳಿಗೆಯ ಬುಡದ ಅಡಿ, ಟ್ರಿಗರ್ ಗಾರ್ಡಿನ ಬಾಲ, ಫೋರೆಂಡಿನ (ನಳಿಗೆಯ ಕೆಳಗೆ ಕೈ ಹಿಡಿಯುವ ಮುಂದಿನ ಮರದ ತುಂಡು) ಕಬ್ಬಿಣ ಮೂರು ಕಡೆಯೂ ನಂಬರ್ ಕೊರೆದಿರುತ್ತದೆ. ಮೂರೂ ಒಂದೇ ಇದೆಯೇ ನೋಡಿ ಫೋಟೊ ತೆಗೆದಿಡಿ. ಜೋಪಾನಕ್ಕೆಂದು ಫೋರೆಂಡನ್ನು ಬೇರೆ ಕಡೆ ಇಡುವ ರೂಢಿ ಒಳ್ಳೆಯದೇ. ಆದರೆ ಅದೊಂದೇ ಕಳೆದರೆ ಕಂಪನಿ ಆ ಭಾಗದ ಪಾಲನ್ನಷ್ಟೇ ಕೊಡುತ್ತದೆ, ಹಳೇ ಕೋವಿಗೆ ಹೊಂದುವ ಫೋರೆಂಡ್ ಸಿಗದೆ ಇಡೀ ಕೋವಿ ಮೂಲೆ ಸೇರುತ್ತದೆ. ‘ನಳಿಗೆ, ಆ್ಯಕ್ಷನ್, ಫೋರೆಂಡ್ ಸೇರಿ ಒಂದೇ ಘಟಕ’ ಎಂದು ಬರೆಸಲು ಕೇಳಿ (ಆ್ಯಕ್ಷನ್ ಎಂದರೆ ಈಡು ಹಾರಿಸುವ ಯಂತ್ರಭಾಗ).

ಬೆಲೆಗೆ ಲೈಸೆನ್ಸ್ ಇರುವ ಕೋವಿ ಅಂಗಡಿಯಿಂದ ಮೌಲ್ಯದ ಪತ್ರ ತನ್ನಿ. ‘ಒಪ್ಪಿತ ಮೌಲ್ಯ’ (ಇಬ್ಬರೂ ಮೊದಲೇ ಒಪ್ಪಿದ ಬೆಲೆ) ಎಂದು ನಮೂದಾಗದಿದ್ದರೆ ಸವಕಳಿ ಕಳೆದು ಕೊಡುತ್ತಾರೆ, ಅಜ್ಜನ ಕೋವಿಗೆ ಉಳಿಯುವುದು ಅಲ್ಪ. ಇನ್ನೊಂದು: ಆಯುಧ ಕಾಯ್ದೆಯ 2019ರ ತಿದ್ದುಪಡಿಯ ಮೇಲೆ ಒಬ್ಬರಿಗೆ ಎರಡೇ ಕೋವಿ, ಲೈಸೆನ್ಸ್ ಅವಧಿ 5 ವರ್ಷ. ಕಳವಾದ ದಿನ ಲೈಸೆನ್ಸ್ ಚಾಲ್ತಿಯಲ್ಲಿ ಇರದಿದ್ದರೆ, ಅಥವಾ ಕೋವಿ ಇನ್ನೂ ತೀರಿಕೊಂಡವರ ಹೆಸರಲ್ಲೇ ಇದ್ದರೆ, ಕ್ಲೇಮು ಅಲ್ಲಿಗೇ ನಿಂತುಹೋಗುತ್ತದೆ.

ಸಾಗರ_ಕೋವಿ_ರಿಪೇರಿ:
ತುಕ್ಕಿಗೆ ವಿಮೆ ಕೇಳಲೇಬೇಡಿ. ಸವಕಳಿ, ಹವೆಯಿಂದ ನಿಧಾನಕ್ಕೆ ಆಗುವ ಹಾನಿ, ಹುಳುಹುಪ್ಪಟೆ, ಎಲ್ಲ ಹೊರಗಿಟ್ಟಿರುತ್ತಾರೆ. ಮಲೆನಾಡಿನಲ್ಲಿ ಕೋವಿಯನ್ನು ತಿನ್ನುವುದು ಅದೇ. ಕ್ಯಾನ್ವಾಸ್ ಚೀಲದಲ್ಲಿ ಮಳೆಗಾಲ ಕಳೆದ ನಳಿಗೆ ನೋಡಿ: ಹೊಲಿಗೆ ತಾಗಿದ ಜಾಗದಲ್ಲೇ ಉದ್ದಕ್ಕೆ ಕೆಂಪು ಗೆರೆ ಎದ್ದಿರುತ್ತದೆ. ಉಜ್ಜಿದರೆ ಕೆಂಪು ಹೋಗುತ್ತದೆ, ಅಡಿಯ ಗುಳಿ ಹೋಗುವುದಿಲ್ಲ. ಒಲೆ ಮೇಲಿನ ಅಟ್ಟ ಬೆಚ್ಚಗಿದೆಯೆಂದು ಅಲ್ಲಿಡುವುದೂ ತಪ್ಪು, ಹೊಗೆಯ ಮಸಿಗೆ ತೇವ ಸೇರಿದರೆ ಕಬ್ಬಿಣ ಕೊರೆಯುತ್ತದೆ.

ಕಬ್ಬಿಣದ ಕಪಾಟನ್ನು ನೆಲಕ್ಕೆ ಬೋಲ್ಟ್ ಹಾಕಿಸಿ, ಮಣ್ಣಿನ ಗೋಡೆಯಿಂದ ಎರಡು ಇಂಚು ಬಿಡಿ. ಒಳಗೆ ಅರ್ಧ ಕಿಲೋ ಸಿಲಿಕಾ ಜೆಲ್ ಇಡಿ. ನೀಲಿ ಹರಳು ಗುಲಾಬಿಯಾದರೆ ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಗೆ ಒಣಗಿಸಿ ಮತ್ತೆ ಇಡಬಹುದು. ನಳಿಗೆಯ ಬಾಯಿ ಕೆಳಗಿರಲಿ. ಇಲ್ಲದಿದ್ದರೆ ಎಣ್ಣೆ ಹಿಂದಿನ ಮರಕ್ಕೆ ಇಳಿದು, ಮರ ಮೆತ್ತಗಾಗಿ, ಆ್ಯಕ್ಷನ್ ಕೂರುವ ಕಡೆ ಸೀಳುತ್ತದೆ. ಮಳೆಗಾಲದಲ್ಲಿ 15 ದಿನಕ್ಕೊಮ್ಮೆ ಒರೆಸಿ ಎಣ್ಣೆ ಕೈ ಆಡಿಸಿ.

ನಳಿಗೆ ಒಡೆಯುವ ದೊಡ್ಡ ಕಾರಣ ಕುಂಬಾರ ಹುಳು. ಒಳಗೆ ಮಣ್ಣಿನ ಗೂಡು ಕಟ್ಟಿರುತ್ತದೆ, ಬೆಳಕಿಗೆ ಹಿಡಿದು ನೋಡದೆ ಈಡು ಹೊಡೆದರೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ. ಉಂಗುರದಂತೆ ಸುತ್ತಲೂ ಎದ್ದ ಉಬ್ಬು ಕಂಡರೆ ಅಡ್ಡ ಏನೋ ಇತ್ತೆಂದು ಹಾನಿ ನೋಡಲು ಬರುವ ವಿಮಾ ಸರ್ವೆಯವರಿಗೆ ಗೊತ್ತಾಗುತ್ತದೆ, ‘ಜಾಗ್ರತೆ ವಹಿಸಿಲ್ಲ’ ಎಂದು ತಕರಾರು ತೆಗೆಯುತ್ತಾರೆ.

ಹೊಸನಗರ_ವಕೀಲ:
ಕಳವು ಗೊತ್ತಾದ ಕೂಡಲೇ ಹತ್ತಿರದ ಠಾಣೆಗೆ ತಿಳಿಸುವುದು ಲೈಸೆನ್ಸಿನ ಷರತ್ತೇ. ಮನೆಯಲ್ಲಿ ಹುಡುಕುತ್ತಾ ನಾಲ್ಕು ದಿನ ಕಳೆದರೆ ವಿಮೆಯ ಜೊತೆಗೆ ಲೈಸೆನ್ಸಿಗೂ ಕುತ್ತು. ಇ-ಲಾಸ್ಟ್ (ವಸ್ತು ಕಳೆದುಹೋಯಿತೆಂದು ಪೊಲೀಸರಿಗೆ ಆನ್‌ಲೈನಿನಲ್ಲಿ ಕೊಡುವ) ಅರ್ಜಿ ಸಾಲದು, ಎಫ್‌ಐಆರ್ ಆಗಬೇಕು. ಅದರಲ್ಲಿ ಕೋವಿಯ ನಂಬರ್ ಪಾಲಿಸಿಯಲ್ಲಿ ಇದ್ದಂತೆಯೇ ಇರಲಿ, ಪ್ರತಿ ಉಚಿತ. ಅದೇ ದಿನ ಕಂಪನಿಗೂ ಬರೆಯಿರಿ. ಸರ್ವೆಯವರು ಬರುವ ತನಕ ಒಡೆದ ಬಾಗಿಲು ರಿಪೇರಿ ಮಾಡಿಸಬೇಡಿ. ಪತ್ತೆಯಾಗದ ಪ್ರಕರಣವೆಂದು ಪೊಲೀಸರು ಕೋರ್ಟಿಗೆ ಹಾಕುವ ‘ಸಿ’ ರಿಪೋರ್ಟನ್ನು ಕಂಪನಿಯವರು ಕೇಳುತ್ತಾರೆ, ತಡವಾಗುವುದು ಇಲ್ಲೇ.

ಠಾಣೆಗೆ ಕೊಡುವಾಗ ರಸೀದಿಯಲ್ಲಿ ನಂಬರ್ ಜೊತೆ ‘ನಳಿಗೆ ಸ್ವಚ್ಛ, ಮರ ಸೀಳಿಲ್ಲ’ ಎಂದು ಸ್ಥಿತಿಯನ್ನೂ ಬರೆಸಿ. ಜಾಗ ಬದಲಾದುದನ್ನು ಕಂಪನಿಗೆ ತಿಳಿಸಿ ಎಂಡಾರ್ಸ್‌ಮೆಂಟ್ (ಪಾಲಿಸಿಗೆ ಸೇರಿಸುವ ತಿದ್ದುಪಡಿ ಪತ್ರ) ಪಡೆಯಿರಿ. ಸರಕಾರ ವಶಪಡಿಸಿಕೊಂಡದ್ದಕ್ಕೆ ಆಲ್ ರಿಸ್ಕ್‌ನಲ್ಲಿ ರಕ್ಷಣೆ ಇರುವುದಿಲ್ಲ. ಠೇವಣಿಯನ್ನು ಅದಕ್ಕೆ ಸೇರಿಸಿ ತಳ್ಳಿಹಾಕದಂತೆ ಮೊದಲೇ ಬರಹದಲ್ಲಿ ಬಗೆಹರಿಸಿಕೊಳ್ಳಿ.

ತೀರ್ಥಹಳ್ಳಿ_ತೋಟ:
ಉಪಕಾರವಾಯಿತು. ರಿಪೇರಿಗೆ ಮಗ ಶಿವಮೊಗ್ಗಕ್ಕೆ ಒಯ್ದರೆ? ಅವನ ಹೆಸರು ಲೈಸೆನ್ಸಿನಲ್ಲಿಲ್ಲ.

ಹೊಸನಗರ_ವಕೀಲ:
ಆಯುಧ ಕಾಯ್ದೆ 1959ರ 3ನೇ ಕಲಮಿನ ಪ್ರಕಾರ ರಿಪೇರಿಗೆ, ಲೈಸೆನ್ಸ್ ನವೀಕರಣಕ್ಕೆ ನಿಮ್ಮ ಲಿಖಿತ ಅಧಿಕಾರ ಪತ್ರದೊಂದಿಗೆ ಒಯ್ಯಬಹುದು. ಪತ್ರದಲ್ಲಿ ದಿನಾಂಕ, ಕೋವಿ ನಂಬರ್, ಯಾವ ಅಂಗಡಿಗೆ ಎಂಬುದನ್ನು ಬರೆದು ಸಹಿ ಹಾಕಿ, ಲೈಸೆನ್ಸ್ ಜೊತೆಗೆ ಕೊಡಿ. ದಾರಿಯಲ್ಲಿ ಊಟಕ್ಕೆ ಇಳಿದಾಗ ಕೋವಿಯನ್ನು ತೆರೆದ ಜೀಪಿನಲ್ಲಿ ಬಿಡದಿರಲಿ. ಪೂರ್ತಿ ಮುಚ್ಚಿ ಬೀಗ ಹಾಕಿದ ವಾಹನವಲ್ಲದಿದ್ದರೆ ಆ ಕಳವಿಗೆ ಪಾಲಿಸಿ ಸಾಮಾನ್ಯವಾಗಿ ಒದಗುವುದಿಲ್ಲ.