ಗಿರಿರಾಜ ಕೋಳಿಗಳಿಗೆ ಭೇದಿ ನಿಲ್ಲುತ್ತಿಲ್ಲ, ದಾರಿ ಹೇಳಿ

ಹಾವೇರಿ_ಕೋಳಿಮನೆ:
40 ಕೋಳಿ, 10 ವಾರದವು. 9 ದಿನದಿಂದ ಹಿಕ್ಕೆ ನೀರಾಗಿದೆ. ತಿಂದ ಕಾಳು ಹಾಗೇ ಹೊರಗೆ ಬರುತ್ತಿದೆ. ಮೂರು ಸತ್ತವು. ಔಷಧಿ ಹಾಕಿ ಹಾಕಿ ಸಾಕಾಯಿತು. ನೋಡಿದರೆ ಕರುಳು ಚುರುಕ್ ಅನ್ನುತ್ತದೆ.

ಮಲೆನಾಡ_ಹುಂಜ:
ಇದು ಕಾಕ್ಸಿನೇ, ಅಂದರೆ ಕರುಳಿನ ಪರಾವಲಂಬಿಯಿಂದ ಬರುವ ಕಾಕ್ಸಿಡಿಯೋಸಿಸ್ ರೋಗ. ನೆಲದ ಹೊಟ್ಟು ಒದ್ದೆ ಇರಬೇಕು. ಅದರ ಔಷಧಿ ಆಂಪ್ರೋಲಿಯಂ ಕೊಡಿ.

ಹಾವೇರಿ_ಕೋಳಿಮನೆ:
ಎರಡು ಸಲ ಕೊಟ್ಟೆ ಸರ್. ಹಿಕ್ಕೆಯಲ್ಲಿ ರಕ್ತವೂ ಇಲ್ಲ.

ಮಲೆನಾಡ_ಹುಂಜ:
ರಕ್ತ ಇಲ್ಲದ ಕಾಕ್ಸಿಯೂ ಇದೆ. ಹೊಟ್ಟು ಬದಲಿಸಿ. ನಾನು ಜಾಲರಿ ನೆಲ, ನಿಪ್ಪಲ್ ಡ್ರಿಂಕರ್ ಹಾಕಿಸಿದ ಮೇಲೆ ಎರಡು ವರ್ಷದಿಂದ ಒಂದೂ ಸತ್ತಿಲ್ಲ.

ತುಮಕೂರು_ಅಕ್ಕ:
ಜಾಲರಿ ಮೇಲೆ ನನ್ನ ಕೋಳಿಗಳಿಗೆ ಕಾಲು ಹುಣ್ಣಾಗಿತ್ತು ಅಣ್ಣಾ. ಅದಿರಲಿ, ಮೇವು ಏನು ಅಂತ ಹೇಳಲೇ ಇಲ್ಲವಲ್ಲ?

ಹಾವೇರಿ_ಕೋಳಿಮನೆ:
ಮನೆಯದೇ ಗೋವಿನಜೋಳ, ಜೊತೆಗೆ ಶೇಂಗಾ ಹಿಂಡಿ. ಒಕ್ಕಣೆ ಹೊತ್ತಿಗೆ ಮಳೆ ಬಂದು ಜೋಳ ಸ್ವಲ್ಪ ನೆನೆದಿತ್ತು. ಬೂಷ್ಟು ತೊಳೆದು ಬೇಯಿಸಿಯೇ ಹಾಕುತ್ತಿದ್ದೇನೆ.

ತುಮಕೂರು_ಅಕ್ಕ:
ಅಲ್ಲೇ ಇದೆ ನೋಡಿ. ಬೇಯಿಸಿದರೆ ಬೂಷ್ಟು ಸಾಯುತ್ತದೆ, ಅದು ಬಿಟ್ಟ ವಿಷ ಹೋಗುವುದಿಲ್ಲ. ಅಫ್ಲಾಟಾಕ್ಸಿನ್, ಫ್ಯುಮೊನಿಸಿನ್ ಎರಡೂ ಆ ಬಿಸಿಗೆ ಜಗ್ಗುವುದಿಲ್ಲ. ಇವು ಕರುಳಿನ ಜೀವಕೋಶಕ್ಕೆ ಹೊಕ್ಕರೆ ಫ್ರೀ ರಾಡಿಕಲ್, ಅಂದರೆ ಕೋಶವನ್ನು ಹಾಳುಮಾಡುವ ಚುರುಕು ಕಣಗಳು, ಜಾಸ್ತಿಯಾಗುತ್ತವೆ. ಅವನ್ನು ತಣಿಸುವ ಗ್ಲುಟಥಯೋನ್ ಖರ್ಚಾಗಿಬಿಡುತ್ತದೆ. ಆಗ ಜೀವಕೋಶದ ಕೊಬ್ಬಿನ ಪೊರೆ ಹಳೆ ಎಣ್ಣೆಯ ಹಾಗೆ ಕಮಟು ಹಿಡಿಯುತ್ತದೆ. ಪಕ್ಕಪಕ್ಕದ ಕೋಶಗಳ ಬೆಸುಗೆ ಸಡಿಲವಾಗುತ್ತದೆ. ಆಹಾರ ಹೀರುವ ಎಳೆಗಳು ಮೋಟಾಗುತ್ತವೆ. ಕಾಳು ಹಾಗೇ ಬರುವುದು ಇದರಿಂದಲೇ ಇರಬಹುದು.

1995ರಲ್ಲಿ ದಖ್ಖನ್ ಹಳ್ಳಿಗಳಲ್ಲಿ ಮಳೆಗೆ ನೆನೆದ ಜೋಳ ತಿಂದ ಜನರಿಗೇ ಹೊಟ್ಟೆನೋವು, ಭೇದಿ ಆಗಿತ್ತು. ಕಾಳಿನಲ್ಲಿ ಫ್ಯುಮೊನಿಸಿನ್ ಸಿಕ್ಕಿತು. ಆ ಮನೆಗಳ ಕಾಳನ್ನು ಒಂದು ದಿನದ ಹುಂಜದ ಮರಿಗಳಿಗೆ ಹಾಕಿದರೆ ಅವಕ್ಕೂ ಭೇದಿಯಾಯಿತು.

ಮಲೆನಾಡ_ಹುಂಜ:
ಮೇವಿಗೆ ಟಾಕ್ಸಿನ್ ಬೈಂಡರ್, ಅಂದರೆ ವಿಷ ಹಿಡಿದಿಡುವ ಪುಡಿ, ಹಾಕಿದರೆ ಮುಗೀತಲ್ವಾ? ಆದರೂ ಹಿಕ್ಕೆ ಪರೀಕ್ಷೆ ಮಾಡಿಸಿ. ನನಗೆ ಇನ್ನೂ ಕಾಕ್ಸಿ ಅನಿಸುತ್ತದೆ.

ತುಮಕೂರು_ಅಕ್ಕ:
ಪರೀಕ್ಷೆ ಮಾಡಿಸಲಿ, ಅದು ಒಳ್ಳೆಯದೇ. ಆದರೆ ಬೆಂಟೊನೈಟ್ ಅನ್ನುವ ಜೇಡಿಮಣ್ಣಿನ ಬೈಂಡರ್ ಅಫ್ಲಾಟಾಕ್ಸಿನ್ ಹಿಡಿದಷ್ಟು ಚೆನ್ನಾಗಿ ಫ್ಯುಮೊನಿಸಿನ್ ಹಿಡಿಯುವುದಿಲ್ಲ. ಮೊದಲು ಆ ಜೋಳ ನಿಲ್ಲಿಸಿ. ಜೋಳ, ಹಿಂಡಿ ಎರಡನ್ನೂ ಲ್ಯಾಬ್‌ಗೆ ಕಳಿಸಿ. ಹಿಂಡಿಯ ಮೇಲೂ ನನಗೆ ಅನುಮಾನ ಇದೆ.

ಹಾವೇರಿ_ಕೋಳಿಮನೆ:
ಇವತ್ತೇ ನಿಲ್ಲಿಸಿದೆ ಅಕ್ಕಾ. ಇನ್ನೂ 6 ಚೀಲ ಜೋಳ ಉಳಿದಿದೆ. ಎಮ್ಮೆಗೆ ಹಾಕಬಹುದಾ?

ತುಮಕೂರು_ಅಕ್ಕ:
ಬೇಡವೇ ಬೇಡ. ಹಿಂಡುವ ಎಮ್ಮೆ ತಿಂದರೆ ಅಫ್ಲಾಟಾಕ್ಸಿನ್ ರೂಪ ಬದಲಿಸಿ ಹಾಲಿಗೆ ಬರುತ್ತದೆ. ಆ ಹಾಲು ಕುಡಿಯುವುದು ಮನೆಯ ಮಕ್ಕಳೇ ಅಲ್ವಾ?